ಸಹಾಯ ಬೇಕು: ಹಿಮಚಿರತೆ ಫೋಟೋಗೆ ಕಿಬ್ಬರ್‌ಗೆ ಹೊರಟಿದ್ದೇನೆ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಹಳ್ಳಿಗೆ ಹೋಗುತ್ತಿದ್ದೇನೆ. ಮನಾಲಿ ಕಡೆಯ ಕುಂಜುಮ್ ದಾರಿ ಆಗ ಮುಚ್ಚಿರುತ್ತದೆ, ಹಾಗಾಗಿ ಶಿಮ್ಲಾ, ಕಿನ್ನೌರ್ ಮೇಲೆ ಪಯಣ. ಹಿಮಚಿರತೆ ನೋಡಬೇಕೆಂಬುದು ಎಷ್ಟೋ ವರ್ಷದ ಆಸೆ.

ನನ್ನ ದೊಡ್ಡ ಚಿಂತೆ ಕ್ಯಾಮೆರಾ ಬ್ಯಾಟರಿ. ಕಳೆದ ಚಳಿಗಾಲ ಉತ್ತರಾಖಂಡದ ಚೋಪ್ತಾದಲ್ಲಿ ಮೊನಾಲ್ ಹಕ್ಕಿಯೊಂದು ಹತ್ತಿರದಲ್ಲೇ ಹಿಮ ಕೆದಕುತ್ತಾ ನಿಂತಿತ್ತು. ಕತ್ತಿನ ಬಣ್ಣ ಬಿಸಿಲಿಗೆ ತಾಮ್ರದ ಹಾಗೆ ಹೊಳೆಯುತ್ತಿತ್ತು. ಅರ್ಧ ಚಾರ್ಜ್ ತೋರಿಸುತ್ತಿದ್ದ ಬ್ಯಾಟರಿ ಒಮ್ಮೆಲೇ ಆಫ್! ಇನ್ನೊಂದು ಬ್ಯಾಗಿನ ತಳದಲ್ಲಿತ್ತು, ಅದೂ ತಣ್ಣಗಾಗಿ ಕೈಕೊಟ್ಟಿತು. ಆ ಬೇಜಾರು ಇನ್ನೂ ಹೋಗಿಲ್ಲ. ಸ್ಪಿತಿಯಲ್ಲಿ ಚಳಿ ಮೈನಸ್ 20 ಡಿಗ್ರಿಗೂ ಇಳಿಯುತ್ತದಲ್ವಾ, ಬ್ಯಾಟರಿಗಳನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡರೆ ಸಾಕಾಗುತ್ತಾ? ಬೆಚ್ಚಗಿನ ಕೋಣೆಗೆ ಬಂದಾಗ ಲೆನ್ಸ್ ಒಳಗೆ ನೀರಿನ ಪಸೆ ಕೂರದಂತೆ ನೀವೇನು ಮಾಡುತ್ತೀರಿ?

ಜೊತೆಗೆ ಅಣ್ಣ ಬರುತ್ತಿದ್ದಾರೆ, 52 ವರ್ಷ, ಬಿಪಿ ಇದೆ. ಡಾಕ್ಟರ್‌ರನ್ನು ಕೇಳಿಯೇ ಹೊರಡುತ್ತೇವೆ. ಆದರೂ ಕಿಬ್ಬರ್ 4,200 ಮೀಟರ್ ಎತ್ತರ. ಎತ್ತರಕ್ಕೆ ಮೈ ಒಗ್ಗಲೆಂದು ನೀವು ಕೆಳಗಿನ ಕಾಜಾ ಪಟ್ಟಣದಲ್ಲಿ ಎಷ್ಟು ರಾತ್ರಿ ತಂಗಿ ಮೇಲೆ ಹೋದಿರಿ?

ಪ್ರಾಣಿಯ ಜಾಡು ಹಿಡಿಯುವ, ಅಲ್ಲಿನ ಊರವರೇ ಆದ ಒಳ್ಳೆಯ ಟ್ರ್ಯಾಕರ್ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೋಟೋಗಾಗಿ ಪ್ರಾಣಿಯನ್ನು ಅಟ್ಟುವವರು ಮಾತ್ರ ಬೇಡ. ದೂರದಿಂದ ಕಂಡರೂ ನಮಗೆ ಸಂತೋಷವೇ.