ಕಾಫಿ ಆಫೀಸಿನ ನೆಟ್‌ವರ್ಕ್ ಅಪ್‌ಗ್ರೇಡ್: ಮೂರು ಮುಕ್ಕಾಲು ಲಕ್ಷದ ಕೊಟೇಶನ್ ಬಂದಿದೆ, ಇಷ್ಟೆಲ್ಲಾ ಬೇಕಾ?

ಚೆರಿಲೆಕ್ಕ (ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ. ನಮ್ದು ಚಿಕ್ಕಮಗಳೂರು ಹತ್ರ ಕಾಫಿ ಖರೀದಿ ವ್ಯವಹಾರ, ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿ (ಹಣ್ಣನ್ನೇ ಒಣಗಿಸಿದ್ದು) ಎರಡೂ ತಗೋತೀವಿ. ಆಫೀಸಲ್ಲಿ ಏಳು ಕಂಪ್ಯೂಟರ್, ಗೋಡೌನ್ ಪಕ್ಕ ವೇಬ್ರಿಡ್ಜ್ (ಗಾಡಿ ಸಮೇತ ತೂಗೋದು) ರೂಮಲ್ಲಿ ಒಂದು, ಕ್ಯಾಮೆರಾ ಹನ್ನೆರಡು. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ಅಕೌಂಟೆಂಟ್ ಕೂರೋ ಮೆಷಿನಲ್ಲೇ ಇದೆ, ಉಳಿದೋರು ಅಲ್ಲಿಂದಾನೇ ಶೇರ್ ಹಾಕ್ಕೊಂಡು ತೆಗೀತಾರೆ. ಮಳೆಗಾಲದಲ್ಲಿ ಹೆಂಗೋ ನಡೆಯತ್ತೆ, ಆದ್ರೆ ಡಿಸೆಂಬರಿಂದ ಮಾರ್ಚ್‌ವರೆಗೆ ಪಿಕಪ್‌ಗಳು ಸಾಲುಗಟ್ಟಿ ನಿಂತಿರೋವಾಗ ವೇಬ್ರಿಡ್ಜಲ್ಲಿ ಒಂದು ಎಂಟ್ರಿ ಹೊಡೆದ್ರೆ ಚಕ್ರ ಸುತ್ತುತ್ತಾನೇ ಇರತ್ತೆ, ಪ್ಲಾಂಟರ್ಸು ಕಿಟಕಿ ಹತ್ರ ಬಂದು ಏನ್ರೀ ನಿಮ್ದು ಅಂತ ಶುರು ಮಾಡ್ತಾರೆ. ಕೆಲವು ಸಲ ಒಂದೆರಡು ಕಂಪ್ಯೂಟರಿಗೆ ಪ್ರಿಂಟರೇ ಕಾಣಲ್ಲ, ಆಫ್ ಮಾಡಿ ಆನ್ ಮಾಡಿದ್ರೆ ಬರತ್ತೆ.

ಒಬ್ರನ್ನ ಕರೆಸಿ ತೋರಿಸ್ದೆ. ಹತ್ತು ನಿಮಿಷ ನೋಡಿ ಹೋದ್ರು, ಸಂಜೆ ವಾಟ್ಸಾಪಲ್ಲಿ ಕೊಟೇಶನ್: ಸರ್ವರ್, ಫೈರ್‌ವಾಲ್, ರ‍್ಯಾಕ್, ಮ್ಯಾನೇಜ್ಡ್ ಸ್ವಿಚ್, ಇಂಟರ್ನೆಟ್ ಪ್ಲಾನೂ ಡಬಲ್ ಮಾಡ್ಸಿ ಅಂತ. ದುಡ್ಡು ಹಾಕಲ್ಲ ಅಂತಲ್ಲ, ಹಾಕಿದ್ಮೇಲೂ ಚಕ್ರ ಸುತ್ತಿದ್ರೆ ಅಪ್ಪಾಜಿ ಮುಂದೆ ನಾನ್ ಏನ್ ಹೇಳ್ಲಿ? ತಿಳಿದೋರು ಹೇಳಿ.

ಸ್ವಿಚ್‌ಮನೆ (ಹಾಸನ)

ಸರ್, ಮೊದಲು ಆ ಕೊಟೇಶನ್ ಪಕ್ಕಕ್ಕಿಡಿ. ಹತ್ತು ನಿಮಿಷದಲ್ಲಿ ಯಾವ ನೆಟ್‌ವರ್ಕೂ ಅರ್ಥ ಆಗಲ್ಲ, ನಾನು ಈ ಕೆಲ್ಸಾನೇ ಮಾಡ್ತೀನಿ ಅದಕ್ಕೇ ಹೇಳ್ತಿದೀನಿ. ಟ್ಯಾಲಿ ಓಡೋದು ನಿಮ್ಮ ಲ್ಯಾನ್ ಒಳಗಡೆ, ಅಂದ್ರೆ ನಿಮ್ಮ ಜಾಗದೊಳಗಿನ ನೆಟ್‌ವರ್ಕಲ್ಲೇ, ಇಂಟರ್ನೆಟ್ ಪ್ಲಾನ್ ಡಬಲ್ ಅಲ್ಲ ಹತ್ತರಷ್ಟು ಮಾಡಿದ್ರೂ ವೇಬ್ರಿಡ್ಜ್ ಎಂಟ್ರಿ ಒಂದು ಚೂರೂ ಫಾಸ್ಟ್ ಆಗಲ್ಲ.

ಒಂದು ದೊಡ್ಡ ಹಾಳೆ ತಗೊಂಡು ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬರೀರಿ, ಮೇಜಿನ ಕೆಳಗೆ, ಸೀಲಿಂಗ್ ಮೇಲೆ ಬಿದ್ದಿರೋ ಸಣ್ಣಸಣ್ಣ ಸ್ವಿಚ್‌ಗಳನ್ನೂ ಬಿಡ್ಬೇಡಿ, ಅವೇ ಮುಖ್ಯ. ಆಮೇಲೆ ಪ್ರತಿ ಕಂಪ್ಯೂಟರಲ್ಲೂ ಎತರ್ನೆಟ್ ಸ್ಟೇಟಸ್ ತೆಗೆದು ಸ್ಪೀಡ್ ಎಷ್ಟು ತೋರಿಸ್ತಿದೆ ನೋಡಿ. 1 ಜಿಬಿಪಿಎಸ್ ಇರ್ಬೇಕು. 100 ಎಂಬಿಪಿಎಸ್ ಅಂತ ಇದ್ರೆ ಒಂದೋ ಸ್ವಿಚ್ ಹಳೇದು, ಇಲ್ಲಾಂದ್ರೆ ಕೇಬಲ್‌ನಲ್ಲಿ ಯಾವುದೋ ಜೋಡಿ ಕಟ್ಟಾಗಿದೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು, ಅದಕ್ಕೆ ಅರ್ಧ ಸತ್ತ ಕೇಬಲ್ಲೂ ಏನೂ ಆಗೇ ಇಲ್ಲ ಅನ್ನೋ ಥರ ಕೆಲ್ಸ ಮಾಡ್ತಿರತ್ತೆ.

ಗೋಡೌನಿಗೆ ಎಷ್ಟು ದೂರ? ಯಾವ ಕೇಬಲ್ ಎಳೆದಿದಾರೆ? ಆ ಹನ್ನೆರಡರಲ್ಲಿ ಎಷ್ಟು ಕ್ಯಾಮೆರಾ ಆ ಕಡೆ ಇವೆ? ರೆಕಾರ್ಡರ್ ಎಲ್ಲಿದೆ? ಇವಿಷ್ಟು ಹೇಳಿದ್ರೆ ಅರ್ಧ ಕಾಯಿಲೆ ಇಲ್ಲೇ ಗೊತ್ತಾಗತ್ತೆ.

ಮೋಡದಮಾತು

ಇಷ್ಟೆಲ್ಲಾ ತಲೆನೋವು ಯಾಕ್ ಗುರು, ಎಲ್ಲಾ ಕ್ಲೌಡಿಗೆ ಹಾಕ್ಬಿಡಿ. ತಿಂಗಳಿಗೆ ಬಾಡಿಗೆ ಕಟ್ಟಿದ್ರೆ ಆಯ್ತು, ಸರ್ವರ್ರೂ ಬೇಡ ಏನೂ ಬೇಡ.

ಮೂಡಿಗೆರೆಮಳೆ

@ಮೋಡದಮಾತು ನೀವು ಬೆಂಗಳೂರಲ್ಲಿ ಕೂತಿದೀರಾ ಅನ್ಸತ್ತೆ. ಜುಲೈನಲ್ಲಿ ಒಂದು ಮರ ಬಿದ್ರೆ ಇಲ್ಲಿ ಲೈನ್ ಯಾವಾಗ ಬರತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಆಗ ಕ್ಲೌಡಲ್ಲಿರೋ ಲೆಕ್ಕ ಕ್ಲೌಡಲ್ಲೇ ಇರತ್ತೆ, ಲೋಡ್ ಮಾತ್ರ ಇಲ್ಲಿ ನೆನೀತಿರತ್ತೆ. ಬ್ಯಾಕಪ್‌ಗೆ ಕ್ಲೌಡ್ ಆಗ್ಲಿ, ದಿನದ ತೂಕ ಬಿಲ್ಲಿಗೆ ಬೇಡ ಮಾರಾಯ.

ಚೆರಿಲೆಕ್ಕ (ಚಿಕ್ಕಮಗಳೂರು)

ಭಾನುವಾರ ಪೂರ್ತಿ ಇದೇ ಕೆಲ್ಸ ಆಯ್ತು ಸರ್. ಆಫೀಸಲ್ಲಿ ಐದು ಮೆಷಿನ್ 100 ಅಂತ ತೋರಿಸ್ತಿವೆ, ಮೇನ್ ಸ್ವಿಚ್ ಮೇಲೇ 10/100 ಅಂತ ಬರ್ದಿದೆ. ಗೋಡೌನಿಗೆ ಟೇಪ್ ಹಿಡಿದು ಅಳೆಸಿದೆ, 130 ಮೀಟರ್ ಚಿಲ್ಲರೆ, ಒಂದೇ ಕೇಬಲ್, ಕರೆಂಟ್ ಕಂಬದ ಆಸರೆಯಲ್ಲಿ ಮೇಲಿಂದ ಹೋಗಿದೆ. ಆ ಕಡೆ ಎಂಟು ಕ್ಯಾಮೆರಾ ಇವೆ, ರೆಕಾರ್ಡರ್ ಈ ಕಡೆ ಆಫೀಸಲ್ಲಿ. ವೇಬ್ರಿಡ್ಜ್ ಕಂಪ್ಯೂಟರ್ರೂ ಅದೇ ಕೇಬಲ್ ಮೇಲೇ. ಸೀಲಿಂಗ್ ಮೇಲೆ ಇನ್ನೊಂದು ವೈಫೈ ರೂಟರ್ ಸಿಕ್ತು, ಯಾರು ಯಾವಾಗ ಹಾಕಿದ್ರೋ, ಧೂಳು ಹಿಡ್ಕೊಂಡು ಲೈಟ್ ಮಿನುಗಿಸ್ತಾ ಕೂತಿತ್ತು.

ಸ್ವಿಚ್‌ಮನೆ (ಹಾಸನ)

ಇನ್ನೇನು ಸರ್, ಕಳ್ಳ ಸಿಕ್ಕಿದ. ಒಬ್ಬ ಅಲ್ಲ, ಇಬ್ರು.

ತಾಮ್ರದ ಎತರ್ನೆಟ್ ಕೇಬಲ್ಲಿಗೆ 100 ಮೀಟರ್ ಮಿತಿ. ಕ್ಯಾಟ್5ಇ ಹಾಕಿ, ಕ್ಯಾಟ್6 ಹಾಕಿ, ಅಷ್ಟೇ. ನಿಮ್ದು 130 ದಾಟಿ ನಡೀತಿರೋದೇ ದೊಡ್ಡದು, ಹಂಗೆ ನಡಿಯೋವಾಗ ಪ್ಯಾಕೆಟ್ (ಡೇಟಾ ತುಣುಕು) ಬೀಳ್ತಾ ಇರತ್ತೆ, ಬಿದ್ದಿದ್ದನ್ನ ಮತ್ತೆ ಮತ್ತೆ ಕಳ್ಸಬೇಕು. ಅದರ ಮೇಲೆ ಎಂಟು ಕ್ಯಾಮೆರಾ, ಒಂದೊಂದು ನಾಲ್ಕು ಎಂಬಿಪಿಎಸ್ ಅಂತ ಹಿಡಿದ್ರೂ ಮೂವತ್ತೆರಡು ಹಗಲೂ ರಾತ್ರಿ ಹರೀತಾನೇ ಇರತ್ತೆ. ಉಳಿದ ಜಾಗದಲ್ಲಿ ನಿಮ್ಮ ಟ್ಯಾಲಿ ತೂರ್ಕೊಂಡು ಬರ್ಬೇಕು. ರೆಕಾರ್ಡರನ್ನ ಗೋಡೌನ್ ಕಡೆ ಬೀಗ ಹಾಕೋ ಪೆಟ್ಟಿಗೆಯಲ್ಲಿ ಇಟ್ರೆ, ಆಫೀಸಿನ ನಾಲ್ಕು ಕ್ಯಾಮೆರಾ ಮಾತ್ರ ಆ ಕಡೆ ಹೋಗತ್ತೆ, ಹೊರೆ ಅರ್ಧಕ್ಕೆ ಇಳಿಯತ್ತೆ.

ಎರಡನೇ ಕಳ್ಳ ಆ ಧೂಳು ರೂಟರ್. ಅದನ್ನ ಲ್ಯಾನ್ ಪೋರ್ಟಿಗೆ ಚುಚ್ಚಿರ್ತಾರೆ, ಅದರ ಡಿಎಚ್‌ಸಿಪಿ (ಕಂಪ್ಯೂಟರಿಗೆ ತಾನಾಗೇ ನೆಟ್‌ವರ್ಕ್ ಅಡ್ರೆಸ್ ಹಂಚೋದು) ಆಫ್ ಮಾಡಿರಲ್ಲ. ಕಂಪ್ಯೂಟರ್ ಆನ್ ಆದಾಗ ನನಗೆ ಅಡ್ರೆಸ್ ಕೊಡಿ ಅಂತ ಕೂಗತ್ತೆ, ಎರಡು ರೂಟರಲ್ಲಿ ಯಾವುದು ಮೊದ್ಲು ಓಗೊಡತ್ತೋ ಅದು ಕೊಟ್ಟಿದ್ದೇ ಅಡ್ರೆಸ್. ಅರ್ಧ ಜನ 192.168.1ರಲ್ಲಿ, ಇನ್ನರ್ಧ 192.168.0ರಲ್ಲಿ, ಪ್ರಿಂಟರ್ ಹೆಂಗೆ ಕಾಣತ್ತೆ? ಪ್ರಿಂಟರ್ ಕಾಣದೇ ಇರೋ ಮೆಷಿನಲ್ಲಿ ಐಪಿಕಾನ್ಫಿಗ್ ಕಮಾಂಡ್ ಹೊಡೆದು ಗೇಟ್‌ವೇ (ಯಾವ ರೂಟರಿನ ಅಡ್ರೆಸ್ ಅಂತ) ನೋಡಿ, ಗೊತ್ತಾಗತ್ತೆ. ಆ ವೈಫೈ ಯಾರಿಗಾದ್ರೂ ಬೇಕೇಬೇಕು ಅಂದ್ರೆ ಆಕ್ಸೆಸ್ ಪಾಯಿಂಟ್ ಮೋಡಿಗೆ (ಅಡ್ರೆಸ್ ಹಂಚದೇ ಬರೀ ವೈಫೈ ಕೊಡೋ ಥರ) ಹಾಕಿ, ಬೇಡದಿದ್ರೆ ಕಿತ್ತು ಬಿಸಾಕಿ. ಪ್ರಿಂಟರಿಗೆ, ಟ್ಯಾಲಿ ಮೆಷಿನಿಗೆ ಅಡ್ರೆಸ್ ಫಿಕ್ಸ್ ಮಾಡಿ.

ಖರ್ಚಿನ ವಿಷ್ಯಕ್ಕೆ ಬಂದ್ರೆ, ಆಫೀಸಿಗೆ ಗಿಗಾಬಿಟ್ ಸ್ವಿಚ್, ಟ್ಯಾಲಿ ಡೇಟಾ ಇರೋ ಮೆಷಿನಿಗೆ ಎಸ್‌ಎಸ್‌ಡಿ (ಫಾಸ್ಟ್ ಡಿಸ್ಕ್) ಮತ್ತೆ ಯುಪಿಎಸ್, ಗೋಡೌನಿಗೆ ಫೈಬರ್ (ಗಾಜಿನ ಎಳೆಯ ಕೇಬಲ್). ಕೇಬಲ್ ತಗೊಳೋವಾಗ ಪೂರ್ತಿ ತಾಮ್ರದ್ದೇ ಕೇಳಿ, ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದಿರೋದನ್ನ ಅರ್ಧ ರೇಟಿಗೆ ಕೊಡ್ತಾರೆ, ಅದ್ರಲ್ಲಿ ಪಿಒಇ (ಡೇಟಾ ಕೇಬಲ್ಲಲ್ಲೇ ಕರೆಂಟ್ ತಗೊಳೋ) ಕ್ಯಾಮೆರಾ ಓಡಿಸಿದ್ರೆ ವೋಲ್ಟೇಜ್ ಬಿದ್ದು ರಾತ್ರಿ ಐಆರ್ ಲೈಟ್ ಹತ್ತಿದಾಗ ಕ್ಯಾಮೆರಾ ರೀಸ್ಟಾರ್ಟ್ ಆಗ್ತಿರತ್ತೆ. ಎಂಟು ಜನಕ್ಕೆ ಸರ್ವರ್ ಈಗಲೇ ಬೇಕಿಲ್ಲ, ವಿಂಡೋಸ್ ಪ್ರೊ ಶೇರಿಂಗ್ ಇಪ್ಪತ್ತು ಕನೆಕ್ಷನ್‌ವರೆಗೆ ತಡ್ಕೊಳತ್ತೆ. ಆದ್ರೆ ಆ ಮೆಷಿನಲ್ಲಿ ಯಾರೂ ಕೂರೋ ಹಾಗಿಲ್ಲ, ಅದನ್ನೇ ಒಳಗಿಡಿ, ಅಕೌಂಟೆಂಟಿಗೆ ಬೇರೆ ಕೊಡಿ.

ಆಡಿಟ್‌ಅಕ್ಕ

ನೆಟ್‌ವರ್ಕ್ ನಂಗೆ ಅಷ್ಟು ಗೊತ್ತಿಲ್ಲ, ಆದ್ರೆ ಒಂದು ಕೇಳ್ಬೇಕು. ನಿಮ್ಮ ಅಕೌಂಟೆಂಟ್ ಮನೆಯಿಂದ ಕೆಲ್ಸ ಮಾಡೋಕೆ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389 ನೇರ ಇಂಟರ್ನೆಟ್ಟಿಗೆ ಬಿಟ್ಟಿದಾರಾ? ನಮ್ಮ ಒಬ್ರು ಕ್ಲೈಂಟಿಗೆ ಹಂಗೇ ನುಗ್ಗಿ ಫೈಲೆಲ್ಲಾ ಲಾಕ್ ಮಾಡಿದ್ರು, ಬ್ಯಾಕಪ್ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಚುಚ್ಚೇ ಇತ್ತು, ಅದೂ ಹೋಯ್ತು. ಎರಡು ಹಾರ್ಡ್‌ಡಿಸ್ಕ್ ಇಟ್ಕೊಂಡು ವಾರಕ್ಕೊಂದು ಮನೆಗೆ ತಗೊಂಡು ಹೋಗಿ. ಮತ್ತೆ ಯಾವ ಮೆಷಿನಲ್ಲಿ ಯಾವ ವಿಂಡೋಸ್ ಇದೆ ನೋಡಿ, 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗೀತು.

ಚೆರಿಲೆಕ್ಕ (ಚಿಕ್ಕಮಗಳೂರು)

ಅಕ್ಕ, ಪೋರ್ಟ್ ಬಿಟ್ಟಿದ್ರು, ಇವತ್ತೇ ಮುಚ್ಚಿಸಿದೆ. ವೇಬ್ರಿಡ್ಜ್ ಮೆಷಿನಲ್ಲಿ ಇನ್ನೂ ವಿಂಡೋಸ್ 7, ತೂಕದ ಇಂಡಿಕೇಟರ್ ಸೀರಿಯಲ್ ಕೇಬಲ್ ಸಾಫ್ಟ್‌ವೇರ್ ಹೊಸದ್ರಲ್ಲಿ ಓಡಲ್ವಂತೆ. ಮತ್ತೆ ಫೈಬರ್ ಯಾಕೆ, ಮಧ್ಯ ಒಂದು ಸ್ವಿಚ್ ಇಟ್ಟು ಕ್ಯಾಟ್6 ಎಳೆದ್ರೆ ಆಗಲ್ವಾ?

ಮೂಡಿಗೆರೆಮಳೆ

ಆಗತ್ತೆ, ಏಪ್ರಿಲ್ ಗುಡುಗಿನವರೆಗೆ. ಬ್ಲಾಸಂ ಮಳೆ (ಕಾಫಿ ಹೂ ಅರಳಿಸೋ ಮಳೆ) ಜೊತೆ ಬರೋ ಸಿಡಿಲು ಕೇಬಲ್ಲಿಗೇ ಹೊಡೀಬೇಕು ಅಂತಿಲ್ಲ, ಹತ್ರ ಬಿದ್ರೆ ಸಾಕು, ಎರಡು ಕಟ್ಟಡದ ಅರ್ತ್ ನಡುವೆ ವೋಲ್ಟೇಜ್ ಏರಿ ತಾಮ್ರದ ತಂತಿ ಹಿಡ್ಕೊಂಡು ಎರಡೂ ಕಡೆ ಸ್ವಿಚ್, ರೆಕಾರ್ಡರ್ ಎಲ್ಲಾ ಸುಟ್ಟು ಹಾಕತ್ತೆ. ನಮ್ಮ ಎಸ್ಟೇಟ್ ಆಫೀಸಲ್ಲಿ ಪ್ರತಿ ವರ್ಷ ಇದೇ ಗೋಳಿತ್ತು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನ ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸೋ ಡಬ್ಬಿ) ಹಾಕಿದ್ರೆ ಮುಗೀತು.

ಸ್ವಿಚ್‌ಮನೆ (ಹಾಸನ)

ಸರಿಯಾಗಿ ಹೇಳಿದ್ರಿ. ಅರ್ತಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ, ನೋಡಿ ಹೇಳೋದಲ್ಲ ಮೀಟರ್ ಹಿಡಿದು. ವಿಂಡೋಸ್ 7 ಮೆಷಿನಿಗೆ ಇಂಟರ್ನೆಟ್ ಕಟ್ ಮಾಡಿ, ಟ್ಯಾಲಿ ಬೇರೆ ಮೆಷಿನಲ್ಲಿ ಹೊಡೀಲಿ, ಅದು ಬರೀ ತೂಕ ಹಿಡೀಲಿ.

ಫೈಬರ್ ತರೋವಾಗ ಒಂದು ಎಚ್ಚರ. ಗೋಡೌನ್ ಅಂದ್ರೆ ಇಲಿ, ಇಲಿಗೆ ಆರ್ಮರ್ಡ್ ಹಾಕಿ ಅಂತ ಅಂಗಡಿಯವ್ರು ಹೇಳ್ತಾರೆ, ಅದ್ರೊಳಗೆ ಸ್ಟೀಲ್ ಪಟ್ಟಿ ಇರತ್ತೆ, ಸಿಡಿಲಿಗೆ ಮತ್ತೆ ದಾರಿ ಮಾಡ್ಕೊಟ್ಟಂಗೆ. ಲೋಹ ಇಲ್ಲದ ಸಿಂಗಲ್ ಮೋಡ್ ಕೇಬಲ್ ತಗೊಂಡು ಎಚ್‌ಡಿಪಿಇ ಪೈಪಲ್ಲಿ ನೆಲದೊಳಗೆ ಹಾಕ್ಸಿ, ಕಂಬದ ಸಹವಾಸ ಬೇಡ. ಎರಡು ಎಳೆ ಸಾಕು, ಆದ್ರೂ ನಾಲ್ಕು ಎಳೆ ಇರೋದು ತಗೊಳಿ, ರೇಟಲ್ಲಿ ಹೆಚ್ಚು ವ್ಯತ್ಯಾಸ ಬರಲ್ಲ. ಪೈಪ್ ಮುಚ್ಚೋ ಮುಂಚೆ ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ, ಮುಂದೆ ಇನ್ನೊಂದು ಎಳೀಬೇಕಾದ್ರೆ ನೆಲ ಅಗೆಯೋದು ತಪ್ಪತ್ತೆ.