ಕೊಡಗಿನ ಮಳೆಯಲ್ಲಿ ಕ್ಯಾಂಪರ್ ವ್ಯಾನ್ ಕೆಲಸ: ಜಾಗ ಎಲ್ಲಿ ಹುಡುಕಲಿ?

ಮಡಿಕೇರಿ_ವ್ಯಾನ್:

ನನ್ನ ಹತ್ತಿರ ಹಳೇ ಫೋರ್ಸ್ ಟ್ರಾವೆಲರ್ ಇದೆ. ಬಿಳಿ ಬೋರ್ಡ್. ಇದನ್ನು ಮಲಗುವ, ಅಡುಗೆ ಮಾಡುವ ವ್ಯಾನ್ ಆಗಿ ಮಾಡಿಕೊಳ್ಳಬೇಕು ಅಂತ ಬಹಳ ದಿನದ ಆಸೆ. ಕೆಲಸದ ಬಗ್ಗೆ ಭಯವಿಲ್ಲ, ಜಾಗದ್ದೇ ತೊಂದರೆ.

ಮನೆ ಇರುವುದು ಮಡಿಕೇರಿಯ ಇಳಿಜಾರಿನ ಓಣಿಯಲ್ಲಿ. ವ್ಯಾನ್ ನಿಲ್ಲಿಸಿದರೆ ಒಂದು ಕಡೆ ವಾಲಿರುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಮಂಚ ಕೂರಿಸುವುದು ಆಗದ ಮಾತು. ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ), ಮುಂದೆ ಪಕ್ಕದ ಮನೆಯವರ ಗೇಟು. ಗ್ರೈಂಡರ್ ಆನ್ ಮಾಡಿದರೆ ಇಡೀ ಓಣಿಗೆ ಕೇಳಿಸುತ್ತದೆ. ಟಾರ್ಪಾಲ್ ಕಟ್ಟಿ ನೋಡಿದೆ, ಗಾಳಿಗೆ ನಿಲ್ಲಲಿಲ್ಲ. ಗ್ಯಾರೇಜ್ ಒಂದರಲ್ಲಿ ಕೇಳಿದೆ. ತಿಂಗಳುಗಟ್ಟಲೆ ಜಾಗ ಹಿಡಿದುಕೊಂಡರೆ ನಮ್ಮ ಗಿರಾಕಿಗಳು ಎಲ್ಲಿ ನಿಲ್ಲಿಸಬೇಕು ಅಂದರು. ಅವರ ಮಾತೂ ಸರಿಯೇ.

ಆಗಬೇಕಾದ ಕೆಲಸ ಇಷ್ಟು: ಹಿಂದಿನ ಚಕ್ರದ ಮೇಲೆ ತುಕ್ಕು ಹಿಡಿದ ತಗಡು ಕತ್ತರಿಸಿ ವೆಲ್ಡಿಂಗ್, ಮೇಲ್ಛಾವಣಿಗೆ ಫ್ಯಾನ್, ಒಳಗೆ ಇನ್ಸುಲೇಶನ್, ಪ್ಲೈವುಡ್ ಕೆಲಸ, 12 ವೋಲ್ಟ್ ವೈರಿಂಗ್. ಈಗ ಏಪ್ರಿಲ್ ಮುಗಿಯುತ್ತಾ ಬಂತು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಹೊರಗೆ ಏನೂ ಆಗಲ್ಲ ಅಲ್ವಾ? ವ್ಯಾನ್ ಉದ್ದ 18 ಅಡಿ, ಎತ್ತರ ಎಂಟೂವರೆ ಅಡಿ ಹತ್ತಿರ. ಎಲ್ಲಿ ಕೇಳಲಿ?

ಕುಶಾಲನಗರ_ಫ್ಯಾಬ್ರಿಕೇಶನ್:

ಮೊದಲು ಮಡಿಕೇರಿ ಬಿಟ್ಟು ಪೂರ್ವಕ್ಕೆ ಇಳಿಯಿರಿ. ಕುಶಾಲನಗರದಲ್ಲಿ ಮಳೆ ನಿಮ್ಮಲ್ಲಿಗಿಂತ ಬಹಳ ಕಡಿಮೆ, ನೆಲವೂ ಸಮ. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್‌ಗಳಿವೆ. ಒಂದು ಮೂಲೆ ಕೊಡ್ತೀರಾ ಅಂತ ಕೇಳಬಹುದು. ತ್ರೀ ಫೇಸ್ ಕರೆಂಟ್ ಸಿಗುತ್ತದೆ, ಹಾರ್ಡ್‌ವೇರ್ ಅಂಗಡಿಯೂ ಹತ್ತಿರ.

ಆದರೆ ಹೊಳೆ ಬದಿಯ ಬಡಾವಣೆಯಲ್ಲಿ ಖಾಲಿ ಸೈಟು ಸಿಕ್ಕಿತು ಅಂತ ಜುಲೈ, ಆಗಸ್ಟ್‌ನಲ್ಲಿ ವ್ಯಾನ್ ಬಿಟ್ಟು ಹೋಗಬೇಡಿ. 2018ರಲ್ಲೂ 2019ರಲ್ಲೂ ಆಗಸ್ಟ್ ತಿಂಗಳಲ್ಲೇ ಕಾವೇರಿ ನೀರು ಮನೆಗಳಿಗೆ ನುಗ್ಗಿದ್ದು. ಇಂಜಿನ್ ಬಿಚ್ಚಿಟ್ಟ ಅಥವಾ ಸೀಟು ತೆಗೆದ ಗಾಡಿಯನ್ನು ರಾತ್ರೋರಾತ್ರಿ ಎತ್ತಿಕೊಂಡು ಓಡಲು ಆಗಲ್ಲ.

ತೋಟದಮನೆ:

ಬಾಡಿಗೆ ಶೆಡ್ ಹುಡುಕುವ ಮುಂಚೆ ಕಾಫಿ ತೋಟಗಳನ್ನು ಕೇಳಿ. ಸುಮ್ನೆ ಹೇಳ್ತಿಲ್ಲ. ನಿಮಗೆ ಜಾಗ ಬೇಕಾದ ತಿಂಗಳುಗಳಲ್ಲೇ ನಮ್ಮ ಜಾಗ ಖಾಲಿ ಇರುವುದು.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೂ ಎಳೆಯುತ್ತದೆ. ಅಲ್ಲಿಯವರೆಗೆ ಕಣ (ಕಾಫಿ ಒಣಗಿಸುವ ಅಂಗಳ), ಗೋಡೌನ್, ಟ್ರ್ಯಾಕ್ಟರ್ ಶೆಡ್ ಎಲ್ಲಾ ತುಂಬಿರುತ್ತದೆ. ಆಮೇಲೆ ಕರಿಮೆಣಸು ಒಣಗಿಸಿ ಮುಗಿಸಿದರೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಕಣದಲ್ಲಿ ನಾಯಿ ಮಲಗುವುದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಗೋಡೌನ್ ಒಳಗೇ ವ್ಯಾನ್ ನಿಲ್ಲಿಸಬಹುದು ಅಂದುಕೊಳ್ಳಬೇಡಿ. ತೇವ ತಾಗದಿರಲಿ ಅಂತ ಹೆಚ್ಚಿನವನ್ನು ನೆಲದಿಂದ ಎರಡು, ಮೂರು ಅಡಿ ಎತ್ತರಿಸಿ ಕಟ್ಟಿರುತ್ತಾರೆ. ಬಾಗಿಲು ಮೂಟೆ ಹೊತ್ತವರು ದಾಟುವಷ್ಟೇ. ಟ್ರ್ಯಾಕ್ಟರ್ ಶೆಡ್ ಪರವಾಗಿಲ್ಲ, ಆದರೆ ಅಡ್ಡ ತೊಲೆಯ ಕೆಳಗೆ ಅಳತೆ ಹಿಡಿದು ನೋಡಿ. ಫ್ಯಾನ್ ಕೂರಿಸಿದ ಮೇಲೆ ನಿಮ್ಮ ಗಾಡಿ ಇನ್ನೂ ಎತ್ತರವಾಗುತ್ತದೆ. ಒಳಗೆ ಹೋದದ್ದು ಹೊರಗೆ ಬರಬೇಕಲ್ಲ.

ನೀವು ಹುಡುಕಬೇಕಾದದ್ದು ಮಾಡು ಹಾಕಿದ ಕಣ. ಈಚೆಗೆ ಕೊಯ್ಲಿನ ಹೊತ್ತಿಗೇ ಅಕಾಲಿಕ ಮಳೆ ಬಂದು ಕಾಫಿ ನೆನೆಯುತ್ತಿರುವುದರಿಂದ ಕೆಲವರು ಕಣಕ್ಕೆ ಕಬ್ಬಿಣದ ಕಂಬ ನೆಟ್ಟು ಪಾರದರ್ಶಕ ಶೀಟು ಹಾಕಿಸಿದ್ದಾರೆ. ಸಮತಟ್ಟಾದ ಕಾಂಕ್ರೀಟ್ ನೆಲ, ಮೇಲೆ ಬೆಳಕು ಬರುವ ಮಾಡು, ಪಿಕಪ್ ಬರುವ ದಾರಿ. ಇದಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಕೊಡಗಿನಲ್ಲಿ ಸಿಗಲ್ಲ. ಸುಂಟಿಕೊಪ್ಪ, ಸಿದ್ದಾಪುರ, ಮೂರ್ನಾಡು, ಪೊನ್ನಂಪೇಟೆ ಕಡೆ ವಿಚಾರಿಸಿ. ಭಾಗಮಂಡಲ ಕಡೆ ಹೋಗಬೇಡಿ. ಅಲ್ಲಿ ಮಳೆಗಾಲದಲ್ಲಿ ಮಾಡಿನ ಕೆಳಗೂ ಎರಚಲು ಬರುತ್ತದೆ.

ಯಾರನ್ನು ಕೇಳುವುದು ಅಂದರೆ, ಮಾಲೀಕರಿಗಿಂತ ಮೊದಲು ತೋಟದ ಲೆಕ್ಕ ನೋಡುವ ರೈಟರ್‌ಗಳನ್ನು, ಗೊಬ್ಬರ ಸಾಗಿಸುವ ಪಿಕಪ್ ಡ್ರೈವರ್‌ಗಳನ್ನು ಕೇಳಿ. ಯಾರ ಕಣ ಖಾಲಿ, ಯಾರ ದಾರಿ ಮಳೆಯಲ್ಲಿ ಹೂತುಹೋಗುತ್ತದೆ, ಎಲ್ಲಿ ಆನೆ ಇಳಿಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಸಿದ್ದಾಪುರ, ಮಾಲ್ದಾರೆ ಕಡೆಯಾದರೆ ಕತ್ತಲಾಗುವ ಮುಂಚೆ ಕೆಲಸ ಮುಗಿಸಿ ಹೊರಡುವ ಹಾಗೆ ಇಟ್ಟುಕೊಳ್ಳಿ.

ಒಂದು ವಿಷಯ ಮನಸ್ಸಿಟ್ಟು ಓದಿ. ಕಾಫಿ ಬೀಜ ಸುತ್ತಲಿನ ವಾಸನೆ ಎಳೆದುಕೊಳ್ಳುತ್ತದೆ. ಡೀಸೆಲ್, ಥಿನ್ನರ್, ಪೇಂಟ್ ವಾಸನೆ ಹತ್ತಿದ ಕಾಫಿಯನ್ನು ಕುದಿಸಿ ರುಚಿ ನೋಡಿದರೆ ಗೊತ್ತಾಗಿಬಿಡುತ್ತದೆ, ಬೆಲೆ ಬೀಳುತ್ತದೆ. ಇಂಜಿನ್ ಆಯಿಲ್ ಒಂದು ತಟ್ಟೆಯಷ್ಟು ಕಾಂಕ್ರೀಟಿಗೆ ಇಳಿದರೆ ಆ ಜಾಗದಲ್ಲಿ ಮುಂದಿನ ವರ್ಷ ಕಾಫಿ ಹರಡಲು ಯಾರಿಗೂ ಧೈರ್ಯ ಬರಲ್ಲ. ಹಾಗಾಗಿ ವ್ಯಾನ್ ಅಡಿಗೆ ಹಳೇ ಫ್ಲೆಕ್ಸ್ ಬ್ಯಾನರ್ ಎರಡು ಪದರ ಹಾಸಿ, ಇಂಜಿನ್ ಕೆಳಗೆ ಟ್ರೇ ಇಡಿ. ಬೆಲೆ ಏರಲಿ ಅಂತ ಮೂಟೆ ಕಟ್ಟಿಟ್ಟುಕೊಂಡವರ ಗೋಡೌನ್ ಪಕ್ಕದಲ್ಲೇ ಇದ್ದರೆ ಪೇಂಟ್ ಕೆಲಸ ಅಲ್ಲಿ ಬೇಡವೇ ಬೇಡ. ಇದನ್ನು ಅವರು ಹೇಳುವ ಮುಂಚೆ ನೀವೇ ಹೇಳಿ. ಬಾಡಿಗೆ ಎಷ್ಟು ಕೊಡ್ತೀರಿ ಅನ್ನುವುದಕ್ಕಿಂತ ಈ ಮಾತಿಗೆ ಜಾಗ ಬೇಗ ಸಿಗುತ್ತದೆ.

ಬಿಡುವ ದಿನವನ್ನೂ ಕಾಗದದ ಮೇಲೆ ಬರೆದುಕೊಡಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದೊಳಗೆ ಖಾಲಿ ಮಾಡ್ತೇನೆ ಅಂದರೆ ಯಾರಿಗೂ ಅರ್ಥವಾಗುತ್ತದೆ. ಆಮೇಲೆ ಕಣ ತೊಳೆದು ಕೊಯ್ಲಿಗೆ ರೆಡಿ ಮಾಡಬೇಕು.

ಮಡಿಕೇರಿ_ವ್ಯಾನ್:

ಇದು ನನಗೆ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ಅಲ್ಲಿ ವೆಲ್ಡಿಂಗ್ ಮಾಡಬಹುದಾ? ಕಣದಲ್ಲಿ ಕರೆಂಟ್ ಹೇಗೆ?

ಕುಶಾಲನಗರ_ಫ್ಯಾಬ್ರಿಕೇಶನ್:

ವೆಲ್ಡಿಂಗ್ ಅಲ್ಲಿ ಬೇಡ. ಗೋಣಿಚೀಲ, ಕಾಫಿ ಹೊಟ್ಟು, ಪ್ಲಾಸ್ಟಿಕ್ ಶೀಟು ಇರುವ ಜಾಗದಲ್ಲಿ ಕಿಡಿ ಹಾರಿಸುವುದು ಯಾಕೆ? ನಿಮ್ಮ ಕೆಲಸವನ್ನು ಎರಡು ಭಾಗ ಮಾಡಿ. ಬೆಂಕಿಯ ಕೆಲಸವನ್ನೆಲ್ಲಾ ಮೇ ತಿಂಗಳಲ್ಲಿ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಮುಗಿಸಿ. ತುಕ್ಕು ಕತ್ತರಿಸುವುದು, ಪ್ಯಾಚ್ ಹಾಕುವುದು, ಫ್ಯಾನ್‌ಗೆ ಮೇಲ್ಛಾವಣಿ ತೂತು ಮಾಡುವುದು, ಮಂಚ ಕೂರುವ ಬ್ರಾಕೆಟ್ ಎಲ್ಲಾ. ತಿಂಗಳುಗಟ್ಟಲೆ ಜಾಗ ಕೇಳಿದರೆ ಯಾರೂ ಕೊಡಲ್ಲ, ಕೆಲವು ದಿನಕ್ಕೆ ಅಂದರೆ ಖುಷಿಯಿಂದ ಮಾಡಿಕೊಡ್ತಾರೆ. ಮರದ ಕೆಲಸ ಮಾತ್ರ ಕಣಕ್ಕೆ ತೆಗೆದುಕೊಂಡು ಹೋಗಿ.

ವೆಲ್ಡಿಂಗ್ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿಸಿ, ಇಸಿಯು (ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೆ ಅದರ ಕನೆಕ್ಟರ್ ಕೂಡ. ಅರ್ಥಿಂಗ್ ಕ್ಲ್ಯಾಂಪ್ ಪ್ಯಾಚ್ ಪಕ್ಕದಲ್ಲೇ ಕಚ್ಚಿಸಬೇಕು, ದೂರದ ಬಂಪರ್‌ಗೆ ಅಲ್ಲ. ಕತ್ತರಿಸಿದ ಅಂಚಿಗೆ ಅವತ್ತೇ ಝಿಂಕ್ ಪ್ರೈಮರ್. ಇಲ್ಲಿನ ಗಾಳಿಗೆ ಬರಿ ಕಬ್ಬಿಣ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ.

ಕರೆಂಟ್ ವಿಷಯಕ್ಕೆ ಒಂದು ಲೆಕ್ಕ ಕೊಡ್ತೇನೆ. ಮನೆಯಿಂದ ಕಣಕ್ಕೆ 50 ಮೀಟರ್ ಅಂತ ಇಟ್ಟುಕೊಳ್ಳಿ. 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಹೋಗಿ ಬರುವ 100 ಮೀಟರ್‌ಗೆ ಸುಮಾರು 0.74 ಓಮ್. ಡ್ರಿಲ್, ಜಿಗ್‌ಸಾ 4 ಆಂಪಿಯರ್ ಎಳೆದರೆ 3 ವೋಲ್ಟ್ ಇಳಿಯುತ್ತದೆ, ಚಿಂತೆ ಇಲ್ಲ. ವೆಲ್ಡಿಂಗ್ ಮಷೀನ್ 25 ಆಂಪಿಯರ್ ಎಳೆದರೆ 18 ವೋಲ್ಟ್‌ಗಿಂತ ಜಾಸ್ತಿ ಹೋಯಿತು. ತೋಟದ ಲೈನಿನಲ್ಲಿ ಸಂಜೆ ಮೊದಲೇ ವೋಲ್ಟೇಜ್ ಕಡಿಮೆ ಇದ್ದರೆ ಆರ್ಕ್ ಹಿಡಿಯುವುದೇ ಕಷ್ಟ. ವೆಲ್ಡಿಂಗ್ ಅಲ್ಲಿ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಮನೆ ಕಡೆಯ ತುದಿಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ಕಾಂಕ್ರೀಟ್ ಮೇಲೆ ನಿಂತು ಮಷೀನ್ ಹಿಡಿಯುವವರಿಗೆ ಇದು ಜೀವದ ಪ್ರಶ್ನೆ. ಒಂದು ಸಬ್‌ಮೀಟರ್ ಕೂರಿಸಿ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡಿ. ಪಂಪ್‌ಸೆಟ್ ಲೈನಿಗೆ ಕೈ ಹಾಕಬೇಡಿ.

ಗೋಣಿಕೊಪ್ಪ_ಮರಗೆಲಸ:

ಜಾಗ ಸಿಕ್ಕಿದರೂ ಮಳೆಗಾಲದ ಗಾಳಿ ಒಳಗೆ ಬಂದೇ ಬರುತ್ತದೆ. ಅದಕ್ಕೆ ತಕ್ಕ ಹಾಗೆ ಕೆಲಸದ ಕ್ರಮ ಇಟ್ಟುಕೊಳ್ಳಿ.

ಅಂಟು ಮೊದಲು ಕೈಕೊಡುತ್ತದೆ. ಬ್ರಷ್‌ನಲ್ಲಿ ಹಚ್ಚಿ ಆರಿಸಿ ಒತ್ತುವ ರಬ್ಬರ್ ಅಂಟು ಇದೆಯಲ್ಲ, ಅದರ ಸಾಲ್ವೆಂಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಜುಲೈ ಗಾಳಿಯಲ್ಲಿ ಆ ತಂಪಿಗೆ ಅಂಟಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಮೇಲೆ ಮಂಜು ಮಂಜಾಗಿ ಬಿಳುಪಾದರೆ ಅದೇ. ಆಗ ಒತ್ತಿದರೆ ಹಿಡಿದ ಹಾಗೆ ಕಾಣುತ್ತದೆ, ಬೇಸಿಗೆಯಲ್ಲಿ ಕಳಚುತ್ತದೆ. ಹಾಟ್ ಏರ್ ಗನ್‌ನಿಂದ ತಗಡನ್ನೂ ಫೋಮ್ ಅನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಹಚ್ಚಿ. ಆದರೆ ಅಂಟು ಹಚ್ಚಿದ ಮೇಲೆ ಆರುವವರೆಗೆ ಗನ್ ದೂರ ಇಡಿ, ಆವಿಗೆ ಬೆಂಕಿ ಹಿಡಿಯುತ್ತದೆ. ಬಾಗಿಲುಗಳೆಲ್ಲಾ ತೆರೆದಿರಲಿ.

ಫ್ಯಾನ್ ಸುತ್ತ ಹಾಕುವ ಪಾಲಿಯುರಿಥೇನ್ ಸೀಲಂಟ್ ಮಾತ್ರ ಬೇರೆ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಮಳೆಗಾಲ ಅಂತ ಹೆದರಬೇಕಾಗಿಲ್ಲ. ಆದರೆ ಹಚ್ಚುವ ತಗಡು ಪೂರ್ತಿ ಒಣಗಿರಬೇಕು. ಬೆಳಗ್ಗೆ ಮಂಜಿನಲ್ಲಿ ತಣ್ಣಗಾದ ತಗಡು ಒಣಗಿದ ಹಾಗೆ ಕಂಡರೂ ಬೆರಳು ಎಳೆದರೆ ಗೆರೆ ಬೀಳುತ್ತದೆ. ಗೆರೆ ಬಿದ್ದರೆ ಹಚ್ಚಬೇಡಿ. ಮಧ್ಯಾಹ್ನದವರೆಗೆ ಕಾಯಿರಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹಚ್ಚಿ.

ಇನ್ಸುಲೇಶನ್‌ಗೆ ಗ್ಲಾಸ್ ವುಲ್ ತರಬೇಡಿ, ನೀರು ಹಿಡಿದುಕೊಂಡು ತಗಡನ್ನು ತಿನ್ನುತ್ತದೆ. ಏಸಿ ಡಕ್ಟ್‌ಗೆ ಸುತ್ತುವ ನೈಟ್ರೈಲ್ ರಬ್ಬರ್ ಫೋಮ್ ತಂದು ತಗಡಿಗೆ ಸಂದಿಲ್ಲದಂತೆ ಅಂಟಿಸಿ.

ಪ್ಲೈ ಐಎಸ್ 710 ಗುರುತಿನದು (ನೀರು ತಡೆಯುವ ಮೆರೈನ್ ಪ್ಲೈ) ತಗೊಳ್ಳಿ. ದಪ್ಪ ಜಾಸ್ತಿಯಾದಷ್ಟೂ ಗಟ್ಟಿ ಅಂತ 19 ಎಂಎಂ ಹಾಕಿಸಬೇಡಿ. ಎಂಟು ನಾಲ್ಕಡಿಯ ಒಂದು ಹಲಗೆಯೇ 35 ಕಿಲೋ ದಾಟುತ್ತದೆ. 12 ಎಂಎಂ ಆದರೆ 23 ಕಿಲೋ ಆಸುಪಾಸು. ನಮ್ಮ ಘಾಟಿಗಳಲ್ಲಿ ಆ ಭಾರವನ್ನು ಬ್ರೇಕ್ ಹೊರಬೇಕು. ಡ್ರಾಯರ್‌ಗಳಿಗೆ ಸುತ್ತ ಸಂದಿ ಬಿಡಿ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಮಳೆಗೆ ಉಬ್ಬಿ ತೆಗೆಯಲು ಬರಲ್ಲ. ಕತ್ತರಿಸಿದ ಅಂಚುಗಳಿಗೆಲ್ಲಾ ವಾರ್ನಿಷ್ ಕುಡಿಸಿ, ನೀರು ಒಳಗೆ ಹೋಗುವುದೇ ಅಲ್ಲಿಂದ.

ಕೆಎ12_ಸವಾರ:

ಜಾಗಕ್ಕಿಂತ ಮೊದಲು ಕಾಗದ ನೋಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಕಾರಖಾನೆಯವರು ಮಾಡುವ ಮೋಟಾರ್ ಕ್ಯಾರವಾನ್‌ಗೆ ಎಐಎಸ್ 124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಸೀಟು ಕಿತ್ತರೆ ಆಸನ ಸಂಖ್ಯೆ ಬದಲಾಯಿತು ಅಂತಲೇ ಲೆಕ್ಕ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು.

ಹಾಗಾಗಿ ಒಂದು ಬೋಲ್ಟ್ ಬಿಚ್ಚುವ ಮುಂಚೆ, ಮೇಲ್ಛಾವಣಿಗೆ ತೂತು ಮಾಡುವ ಮುಂಚೆ, ಮಡಿಕೇರಿ ಆರ್‌ಟಿಒ ಕಚೇರಿಗೆ ಏನು ಮಾಡಬೇಕೆಂದಿದ್ದೀರಿ ಅಂತ ಬರೆದು ಕೊಟ್ಟು ಉತ್ತರ ಬರಹದಲ್ಲೇ ತಗೊಳ್ಳಿ. ವಿಮೆಯವರಿಗೂ ಹಾಗೇ. ಒಪ್ಪಿಗೆ ಸಿಗದಿದ್ದರೆ ಸೀಟು, ಬಾಡಿ ಮುಟ್ಟದೆ, ಕಳಚಿ ಹೊರಗಿಡಬಹುದಾದ ಮಂಚ, ಅಡುಗೆ ಪೆಟ್ಟಿಗೆ ಮಾಡಿಕೊಳ್ಳಿ. ಅದಕ್ಕೆ ಜಾಗವೂ ಕಡಿಮೆ ಸಾಕು.

ಮಡಿಕೇರಿ_ವ್ಯಾನ್:

ಎಲ್ಲರಿಗೂ ಸುದ್ದಿ. ಆರ್‌ಟಿಒಗೆ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಸೀಟೂ ಮುಟ್ಟಲ್ಲ, ಮೇಲ್ಛಾವಣಿಯನ್ನೂ ಮುಟ್ಟಲ್ಲ. ತುಕ್ಕಿನ ಪ್ಯಾಚ್ ರಿಪೇರಿ ಅಷ್ಟೇ ಆದ್ದರಿಂದ ಕುಶಾಲನಗರದಲ್ಲಿ ಮಾಡಿಸಿದೆ. ಸುಂಟಿಕೊಪ್ಪ ಹತ್ತಿರ ಪಿಕಪ್ ಡ್ರೈವರ್ ಒಬ್ಬರ ಮೂಲಕ ಮಾಡು ಹಾಕಿದ ಕಣ ಸಿಕ್ಕಿದೆ. ಕಾಫಿಗೆ ವಾಸನೆ ಹತ್ತದ ಹಾಗೆ ನೋಡಿಕೊಳ್ತೇನೆ ಅಂದ ಕೂಡಲೇ ಯಜಮಾನರ ಮುಖ ಸಡಿಲವಾಯಿತು. ಬಾಡಿಗೆ ಬೇಡ, ಕರೆಂಟ್ ದುಡ್ಡು ಕೊಡಿ, ಅಕ್ಟೋಬರ್‌ನಲ್ಲಿ ಕಣ ತೊಳೆದುಕೊಡಿ ಅಂದರು.

ವಾರದಲ್ಲಿ ಎರಡು ದಿನ ಮಾತ್ರ ಹೋಗಲು ಸಾಧ್ಯ. ಉಳಿದ ದಿನ ವ್ಯಾನ್ ಅಲ್ಲೇ ನಿಂತಿರುತ್ತದೆ. ಏನು ನೋಡಿಕೊಳ್ಳಬೇಕು?

ತೋಟದಮನೆ:

ಸಂತೋಷ ಆಯ್ತು. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ತೇವಕ್ಕೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಡೀಸೆಲ್ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗ ಇದ್ದಷ್ಟೂ ಒಳಗೆ ನೀರು ಹನಿಗಟ್ಟುತ್ತದೆ.

ಗೋಡೌನ್ ಇದ್ದ ಕಡೆ ಇಲಿ ಇದ್ದೇ ಇರುತ್ತದೆ. ಬಾನೆಟ್ ಎತ್ತಿಟ್ಟು ಹೋಗಿ, ಕತ್ತಲ ಮೂಲೆ ಸಿಗದಿದ್ದರೆ ಗೂಡು ಕಟ್ಟುವುದು ಕಡಿಮೆ. ತಿಂಡಿ ಪೊಟ್ಟಣ ಒಳಗೆ ಬಿಡಬೇಡಿ. ಹೊಸ ವೈರಿಂಗ್ ಅನ್ನು ಕೊಳವೆಯೊಳಗೆ ಎಳೆಯಿರಿ. ಹೋದಾಗೆಲ್ಲಾ ಗಾಡಿಯನ್ನು ಒಂದು ಗಜ ಮುಂದೆ ಹಿಂದೆ ಮಾಡಿ, ಫ್ಲೆಕ್ಸ್ ಎತ್ತಿ ಕೆಳಗೆ ಎಣ್ಣೆ ಇಳಿದಿದೆಯಾ ನೋಡಿ.