ವರ್ಜಿಸುವ ವಿಧಾನನಾ, ಆದೇಶ ವಿಧಾನನಾ? ಅನುಭವ ಇದ್ದವರು ಹೇಳಿ

ಹಾಸನದ ಅಮ್ಮ: ಮಗಳು ಹತ್ತನೇ ಕ್ಲಾಸು. ಎಕ್ಸ್, ವೈ ಇರುವ ಜೋಡಿ ಸಮೀಕರಣ ಬಂದರೆ ಆದೇಶ ವಿಧಾನವೇ (ಒಂದು ಅಕ್ಷರವನ್ನು ಇನ್ನೊಂದರಲ್ಲಿ ಬರೆದು ಹಾಕೋದು) ಬೇಕು ಅವಳಿಗೆ. ನಡುವೆ ಭಿನ್ನರಾಶಿ ಬಂದು ಸಿಕ್ಕಿಹಾಕಿಕೊಳ್ಳುತ್ತಾಳೆ. ಪ್ರಿಪರೇಟರಿಗೆ ಮೂರು ವಾರ ಇದೆ. ಈಗ ವರ್ಜಿಸುವ ವಿಧಾನ (ಕೂಡಿ ಇಲ್ಲಾ ಕಳೆದು ಒಂದು ಅಕ್ಷರ ಹೋಗಲಾಡಿಸೋದು) ಹಿಡಿಸಬಹುದಾ?

ಚನ್ನರಾಯಪಟ್ಟಣ: ಮೇಡಂ, ನನ್ನ ಮಗ ಸಿಬಿಎಸ್‌ಇ. ಟ್ಯೂಷನ್‌ಗೆ 14,000 ಕಟ್ಟಿದೆ, ಬಸ್ಸಿಗೆ ದಿನಾ 40 ಬೇರೆ, ಹುಡುಗ ಮನೆಗೆ ಬರುವಾಗ ರಾತ್ರಿ ಎಂಟು. ಅಲ್ಲಿ ಎರಡು ತಿಂಗಳು ಓರೆ ಗುಣಾಕಾರ ಅನ್ನೋ ಮೂರನೇ ವಿಧಾನ ಉರು ಹೊಡೆಸಿದರು. ಅದನ್ನು 2022ರಲ್ಲೇ ಎನ್‌ಸಿಇಆರ್‌ಟಿ ಪಠ್ಯದಿಂದ ತೆಗೆದಿದ್ದಾರೆ! ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕೊನೆಗೆ ಬಿಡಿಸಿ ನಾನೇ ಕೂತೆ. 2ಎಕ್ಸ್ − 3ವೈ = 1, 3ಎಕ್ಸ್ − 2ವೈ = 9. ಮೊದಲನೆಯದಕ್ಕೆ 3ರಿಂದ, ಎರಡನೆಯದಕ್ಕೆ 2ರಿಂದ ಗುಣಿಸಿದ, ಆದರೆ ಬಲಗಡೆಯ 1 ಹಾಗೇ ಉಳೀತು. ಅದನ್ನು ತಿದ್ದಿದೆ. ಕಳೆಯುವಾಗ −9ವೈ, −4ವೈ ಸೇರಿಸಿ −13ವೈ ಬರೆದ. ಹನ್ನೊಂದು ದಿನ ಇದೇ ತಪ್ಪು. ಕೆಳಗಿನ ಸಾಲಿನ ಚಿಹ್ನೆಯನ್ನೆಲ್ಲ ಕೆಂಪು ಪೆನ್ನಲ್ಲಿ ಬದಲಾಯಿಸಿ ಬರೆಸಿದ ಮೇಲೆ −5ವೈ = −15 ಬಂತು. ವೈ 3, ಎಕ್ಸ್ 5.

ಮೂಡಿಗೆರೆ ಕಾಫಿಪುಡಿ: ಇಷ್ಟೆಲ್ಲ ಯಾಕ್ರೀ? ನಂದು ಪುಡಿ ಅಂಗಡಿ. ಕಾಫಿಪುಡಿ ಕೆಜಿಗೆ 600, ಚಿಕೋರಿ 200 ಅಂದುಕೊಳ್ಳಿ. 10 ಕೆಜಿ ಮಿಶ್ರಣ 4,800ಕ್ಕೆ ಬರಬೇಕು. ಕಾಫಿ ಎಕ್ಸ್ ಕೆಜಿ, ಚಿಕೋರಿ ಅಂದರೆ 10 − ಎಕ್ಸ್, ಹಾಕಿದರೆ ಮುಗೀತು: 7 ಕೆಜಿ, 3 ಕೆಜಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಇವತ್ತಿಗೂ ಆದೇಶ ವಿಧಾನವೇ ನನ್ನ ಅನ್ನ.

ಚಿಕ್ಕಮಗಳೂರು ಬಿಇ: ಸರ್, ನಿಮ್ಮದರಲ್ಲಿ ಸಹಗುಣಕ (ಅಕ್ಷರದ ಮುಂದಿನ ಸಂಖ್ಯೆ) 1, ಅದಕ್ಕೇ ಸುಲಭ. ಮೂರು ಚರಾಕ್ಷರ ಬರಲಿ, ಆಗ ನೋಡೋಣ. ನನ್ನ ಪೇಪರಲ್ಲಿ ಮೊದಲ ಸಾಲಿನ ಮೊದಲ ಸಹಗುಣಕವೇ 0. ಸಾಲು ಅದಲುಬದಲು ಮಾಡಬೇಕು ಅಂತ ಹೊಳೆಯದೆ ಇಪ್ಪತ್ತು ನಿಮಿಷ ಕೂತೆ, 8 ಅಂಕ ಹೋಯಿತು, 2 ಅಂಕದಲ್ಲಿ ಫೇಲು. ಸಾಲು ಸಾಲಾಗಿ ವರ್ಜಿಸುವ ಈ ಕ್ರಮಕ್ಕೆ ಗಣಿತಜ್ಞ ಗೌಸ್ ಹೆಸರಿದ್ದರೂ, ಚೀನಾದಲ್ಲಿ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಇತ್ತು. ವರ್ಜಿಸುವುದನ್ನು ಹತ್ತನೇ ಕ್ಲಾಸಲ್ಲೇ ಗಟ್ಟಿ ಮಾಡಿಕೊಳ್ಳಬೇಕು.

ಮೂಡಿಗೆರೆ ಕಾಫಿಪುಡಿ: ಫೇಲಾದವರು ನನಗೆ ಪಾಠ ಹೇಳಬೇಡಿ.

ಕಡೂರು: ಅದಿರಲಿ, ನೂರಕ್ಕೆ 30 ಚಿಕೋರಿ ಹಾಕಿ ಕಾಫಿ ಅಂತ ಮಾರೋದು ಸರೀನಾ?

ಮೂಡಿಗೆರೆ ಕಾಫಿಪುಡಿ: ಕಾನೂನಲ್ಲಿ 49ರವರೆಗೆ ಅವಕಾಶ ಇದೆ. ಪೊಟ್ಟಣದ ಮೇಲೆ ಎಷ್ಟು ಅಂತ ಬರೆದೇ ಮಾರ್ತೀನಿ. ಬಂದು ನೋಡಿ ಮಾತಾಡಿ.

ಹಾಸನದ ಅಮ್ಮ: ಚಿಕೋರಿ ಬಿಡಿ ಅಣ್ಣ. ಕೆಂಪು ಪೆನ್ನು ಕೊಟ್ಟೆ, ಐದರಲ್ಲಿ ನಾಲ್ಕು ಸರಿ ಬಂತು. ಐದನೆಯದರಲ್ಲಿ ಎರಡೂ ಅಕ್ಷರ ಹೋಗಿ 0 = 7 ಉಳೀತು. ಅಳ್ತಾ ಕೂತಿದ್ದಾಳೆ.

ಚನ್ನರಾಯಪಟ್ಟಣ: ಗುಣಿಸಿದ್ದು ಇನ್ನೊಮ್ಮೆ ನೋಡಿ. ಅದು ಸರಿ ಇದ್ದರೆ ಅವಳ ತಪ್ಪಲ್ಲ, ಗೆರೆಗಳು ಸಮಾಂತರ. ‘ಪರಿಹಾರ ಇಲ್ಲ’ ಅಂತ ಬರೆಯಲಿ, ಪೂರ್ತಿ ಅಂಕ.